ಇವರು ನಿಮಗೇನಾಗಬೇಕು?

ಪದ್ಮಮ್ಮನಿಗೆ ಗಂಡುಮಕ್ಕಳಿಲ್ಲ ಎಂಬುದು ನಮ್ಮ ಅಗ್ರಹಾರದ ಬೀದಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಆದರೆ ಹೊರಗಿನವರು ಬಂದು ಕೇಳಿದರೆ ಸಾಕು, ಬೀದಿಗೆ ಬೀದಿಯೇ ಒಂದೇ ಬಾಯಲ್ಲಿ "ಇದ್ದಾನಲ್ಲ, ಕಸ್ತೂರಿರಂಗ!" ಎನ್ನುತ್ತಿತ್ತು. ನಮ್ಮ ಬೀದಿಯವರಿಗೆ ಸುಳ್ಳೆಂದರೆ ಮಹಾಪಾಪ. ಇನ್ನೊಬ್ಬರ ಮನೆಯ ಮಾನ ಕಾಪಾಡಲು ಹೇಳಿದ್ದು ಮಾತ್ರ ಸುಳ್ಳಲ್ಲ, ಮರ್ಯಾದೆ. ಈ ಮರ್ಯಾದೆಯಿಂದ ಯಾರ ಹೊಟ್ಟೆ ತುಂಬಿತು ಎಂದು ಕೇಳಿದವರಿಲ್ಲ.

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸು ನಮ್ಮೂರ ಅರಳಿಕಟ್ಟೆಯ ಬಳಿ ನಿಲ್ಲುತ್ತದೆ. ಅಲ್ಲಿ ಇಳಿದು ಎಡಕ್ಕೆ ತಿರುಗಿದರೆ ಅಗ್ರಹಾರ, ಬೀದಿಯ ಕೊನೆಗೆ ಪೆರುಮಾಳ್ ಗುಡಿ. ಪದ್ಮಮ್ಮನ ಗಂಡ ರಾಮಾನುಜಯ್ಯಂಗಾರ್ರು ಆ ಗುಡಿಯ ಪರಿಚಾರಕರಾಗಿದ್ದರು. ಬಾವಿಯಿಂದ ಮಡಿನೀರು ತರುವುದು, ಪ್ರಸಾದ ಬೇಯಿಸುವುದು, ಪಾತ್ರೆ ಬೆಳಗುವುದು ಅವರ ಕೆಲಸ. ಅರ್ಚಕರಿಗೆ ಸಿಗುವ ನಮಸ್ಕಾರ ಅವರಿಗೆ ಸಿಗುತ್ತಿರಲಿಲ್ಲ. ಆದರೂ ಗುಡಿಯ ಪಕ್ಕದ ಮನೆ ವಾಸಕ್ಕಿತ್ತು, ವರ್ಷಕ್ಕೊಮ್ಮೆ ಸರ್ಕಾರದಿಂದ ತಸ್ತೀಕಿನ ದುಡ್ಡು ಬರುತ್ತಿತ್ತು, ದಿನಾ ಎರಡು ಹಿಡಿ ಪ್ರಸಾದ ಮನೆಗೆ ಬರುತ್ತಿತ್ತು. ಇಬ್ಬರಿಗೂ ಇದ್ದದ್ದು ಒಬ್ಬಳೇ ಮಗಳು ಗೋದಾ. ಮೂರು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಾಲು ಸೇದಿಹೋದವು. ಕಾಲು ಹೋದ ಹುಡುಗಿಗೆ ದೇವರು ನಾಲಿಗೆಯನ್ನಾದರೂ ಗಟ್ಟಿಯಾಗಿ ಕೊಟ್ಟಿದ್ದ. ಅದೊಂದು ನ್ಯಾಯ.

ರಾಮಾನುಜಯ್ಯಂಗಾರ್ರು ತೀರಿಕೊಂಡ ದಿನ ಕೊಳ್ಳಿ ಇಡುವವರು ಯಾರು ಎಂಬ ಪ್ರಶ್ನೆ ಬಂತು. ಅವರ ಅಣ್ಣ ಬೆಸಗರಹಳ್ಳಿಯಲ್ಲಿದ್ದರು, ಆದರೆ ಅಣ್ಣನಾದವನು ತಮ್ಮನಿಗೆ ಕರ್ಮ ಮಾಡುವುದಿಲ್ಲ. ಅಣ್ಣನ ಎರಡನೆಯ ಮಗ ಕಸ್ತೂರಿರಂಗ ಮುಂದೆ ಬಂದ. ಗಂಡುಮಕ್ಕಳಿಲ್ಲದ ಹೆಂಗಸು ಇಂಥ ಹೊತ್ತಿನಲ್ಲಿ ಒಂದೆಳೆ ದರ್ಭೆಯನ್ನು ಒಬ್ಬ ಗಂಡಸಿನ ಕೈಗೆ ಕೊಟ್ಟು "ನನ್ನ ಪರವಾಗಿ ನೀನು ಮಾಡು" ಎನ್ನಬೇಕು. ದರ್ಭೆ ತೆಗೆದುಕೊಂಡವನು ಮಗನಾಗುವುದಿಲ್ಲ. ಅವಳ ಕೈಯಾಗುತ್ತಾನೆ, ಅಷ್ಟೇ. ಪದ್ಮಮ್ಮ ಅಂದು ಅಳುತ್ತಲೇ ದರ್ಭೆ ಕೊಟ್ಟಳು. ಅಲ್ಲಿಂದ ಪ್ರತಿವರ್ಷ ತಿಥಿಯ ಬೆಳಿಗ್ಗೆಯೂ ಅದೇ ರೀತಿ ಕೊಡುತ್ತ ಬಂದಳು.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರೆ. ಉತ್ತರಕ್ರಿಯೆ ಮುಗಿದ ಮೇಲೆ ಕಸ್ತೂರಿರಂಗ ಬೆಸಗರಹಳ್ಳಿಗೆ ವಾಪಸು ಹೋಗಲೇ ಇಲ್ಲ. "ಕೊಳ್ಳಿ ಇಟ್ಟವನು ನಾನು, ಅಂದಮೇಲೆ ಮಗ ನಾನೇ" ಎಂದು ಗುಡಿಯ ಮೇಲಿನ ಅಧಿಕಾರಿಗಳಿಗೆ ಹೇಳಿ ಪರಿಚಾರಿಕೆ ಹಿಡಿದ. ಬೀದಿಯ ಹಿರಿಯರು ಹೌದು ಹೌದು ಎಂದರು. ಪರಿಚಾರಿಕೆಯ ಜೊತೆ ಮನೆಯೂ ಅವನದಾಯಿತು. ಮದುವೆಯಾಗಿ ಶ್ರೀಮತಿ ಬಂದಳು, ಮಕ್ಕಳಾದವು, ಮನೆ ಸಾಲದಾಯಿತು. ಪದ್ಮಮ್ಮ ಮತ್ತು ಗೋದಾ ಮೊದಲು ನಡುಮನೆಯಿಂದ ಅಡಿಗೆಮನೆಯ ಮೂಲೆಗೆ, ಆಮೇಲೆ ಹಿತ್ತಿಲ ಕೊಟ್ಟಿಗೆಗೆ ಸರಿದರು. ಎರಡು ಹಿಡಿ ಪ್ರಸಾದ ಒಂದು ಹಿಡಿಯಾಗಿ, ಹಬ್ಬಕ್ಕೊಮ್ಮೆಯಾಗಿ, ಕೊನೆಗೆ ತಿಥಿಗೊಮ್ಮೆಯಾಯಿತು. ಯಾರೂ ಅವರನ್ನು ಹೊರಗೆ ಹಾಕಲಿಲ್ಲ, ಬೈಯಲಿಲ್ಲ. ನಮ್ಮ ಬೀದಿಯಲ್ಲಿ ಅಂಥ ಒರಟು ಕೆಲಸ ಯಾರೂ ಮಾಡುವುದಿಲ್ಲ.

ತಾಯಿ ಮಗಳು ಹಪ್ಪಳ ಒತ್ತಿ, ಹೂಬತ್ತಿ ಹೊಸೆದು ಬದುಕಿದರು. ಪದ್ಮಮ್ಮನಿಗೆ ಅರವತ್ತೈದು ದಾಟುವ ಹೊತ್ತಿಗೆ ಕಣ್ಣಿಗೆ ಪೊರೆ ಬಂತು, ಕೈ ನಡುಗಲು ಶುರುವಾಯಿತು. ಹಪ್ಪಳ ಕೊಳ್ಳುವವರು ಒಂದು ಕಡೆ ದಪ್ಪ ಒಂದು ಕಡೆ ತೆಳು ಎಂದು ಬಿಟ್ಟರು. ಗೋದಾಳನ್ನು ಎತ್ತಿ ಹಿತ್ತಿಲಿಗೆ ಕರೆದೊಯ್ಯುವುದು ಮಾತ್ರ ಬಿಡುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಹಾಗೆ ಎತ್ತಿಕೊಂಡು ಹೊಸ್ತಿಲು ದಾಟುವಾಗ ಪದ್ಮಮ್ಮನ ಸೊಂಟ ಉಳುಕಿ ಇಬ್ಬರೂ ಬಿದ್ದರು. ಏಳಲಾಗಲಿಲ್ಲ. ಕೂಗಿದರೆ ಕಸ್ತೂರಿರಂಗ ಪೂಜೆಯ ಪಾತ್ರೆ ಹಿಡಿದು ಮಡಿಯಲ್ಲಿದ್ದ, ಶ್ರೀಮತಿ ಒಗೆಯುತ್ತಿದ್ದಳು, ಕೇಳಿಸಲಿಲ್ಲವಂತೆ. ಹಾಲು ಹಾಕಲು ಬಂದ ಹೊಂಬಾಳಮ್ಮ ನೋಡಿ ಎಬ್ಬಿಸಿದಳು.

"ಇಬ್ರೂ ಇಂಗೇ ಒಂದಿನ ಸತ್ತೋಯ್ತೀರ ಕಣಮ್ಮ" ಎಂದಳು ಹೊಂಬಾಳಮ್ಮ. ಅವಳ ಬಾಯಿ ಯಾವತ್ತೂ ನೆಟ್ಟಗೆ. "ಸರ್ಕಾರ್ದೋರು ವಯಸ್ಸಾದೋರ್ಗೆ ತಿಂಗ್ಳು ತಿಂಗ್ಳು ಪಿಂಚಣಿ ಕೊಡ್ತಾವ್ರಂತೆ. ನಮ್ ಬೀದಿ ಚಿಕ್ಕಬೋರಮ್ಮಂಗೆ ಬತ್ತೈತೆ. ನೀವ್ಯಾಕೆ ಕೇಳ್ಬಾರ್ದು?"

"ನಾವು ಕೇಳೋದಾ?" ಎಂದಳು ಪದ್ಮಮ್ಮ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕು ಎಂಬ ಬೀದಿಯಲ್ಲೇ ಅವಳೂ ಬಾಳಿದವಳು.

"ಕೇಳೋಣ ಅಮ್ಮ" ಎಂದಳು ಗೋದಾ, ಮಣ್ಣು ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ. "ದೇವರನ್ನ ಕೇಳಿ ಕೇಳಿ ಆಯ್ತು. ಅವನಿಗಿಂತ ಸರ್ಕಾರಕ್ಕೆ ಕಿವಿ ಚುರುಕಿದ್ರೂ ಇರಬಹುದು."

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ಕಚೇರಿ ಮಳವಳ್ಳಿಯಲ್ಲಿ. ಗೋದಾ ಬಸ್ಸು ಹತ್ತುವಂತಿಲ್ಲ. ಅರಳಿಕಟ್ಟೆಯ ಬಳಿ ಜಟಕಾ ಹೊಡೆಯುವ ಬಾಬು ಜಾನ್‌ಗೆ ಹೊಂಬಾಳಮ್ಮನೇ ಹೇಳಿ ಕಳಿಸಿದಳು. ಬಾಬು ಜಾನ್ ನಲವತ್ತರ ಆಳು, ಮಾತು ಕಮ್ಮಿ. ಜಟಕಾವನ್ನು ಕೊಟ್ಟಿಗೆಯ ಬಾಗಿಲವರೆಗೆ ತಂದು ನಿಲ್ಲಿಸಿ, ಯಾರಾದರೂ ಗಂಡಸರು ಬಂದು ಗೋದಾಳನ್ನು ಹತ್ತಿಸುತ್ತಾರೆ ಎಂದು ಕಾದ. ಯಾರೂ ಬರಲಿಲ್ಲ. ಕೊನೆಗೆ ಪದ್ಮಮ್ಮನ ಮುಖ ನೋಡಿ, ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೈಗೆ ಸುತ್ತಿಕೊಂಡು, "ತಪ್ಪು ತಿಳ್ಕಾಬೇಡಿ ಅಮ್ಮೋರೆ" ಎಂದು ಗೋದಾಳನ್ನು ಎತ್ತಿ ಕೂರಿಸಿದ. ಅವಳನ್ನು ಎತ್ತಲು ಬೀದಿಯಲ್ಲಿ ಒಬ್ಬರಿಗೂ ಸೊಂಟ ಗಟ್ಟಿಯಿರಲಿಲ್ಲ. ತುರುಕರವನು ಮುಟ್ಟಿದ ಎನ್ನಲು ಎಲ್ಲರಿಗೂ ನಾಲಿಗೆ ಗಟ್ಟಿಯಾಗಿತ್ತು. ಸಂಜೆ ಪದ್ಮಮ್ಮ ತಲೆಯ ಮೇಲೆ ನೀರು ಸುರಿದುಕೊಂಡಳು, ಅದೂ ನಿಜ. ಅವಳು ಮಡಿ ಬಿಟ್ಟವಳಲ್ಲ.

ಕಚೇರಿಯ ಗುಮಾಸ್ತ ಕೆಟ್ಟವನಲ್ಲ. ನಿಯಮ ಬಿಡಿಸಿ ಹೇಳಿದ. ವಯಸ್ಸಾಗಿರಬೇಕು, ಆದಾಯವಿರಬಾರದು, ದೊಡ್ಡವನಾದ ಮಗನೋ ಮೊಮ್ಮಗನೋ ಇರಬಾರದು, ಒಟ್ಟಿನಲ್ಲಿ ನೋಡಿಕೊಳ್ಳುವವರು ಯಾರೂ ಇರಬಾರದು. ಅರ್ಜಿ ಬರೆದುಕೊಂಡ. ಪದ್ಮಮ್ಮ ಗೋದಾಳನ್ನು ತೋರಿಸಿ, "ಇವಳಿಗೂ ಬರೆದುಕೊಳ್ಳಿ" ಎಂದಳು.

"ಕಾಲಿಲ್ಲದೋರಿಗೆ ಕೊಡಿ ಅಂತ ನಮಗಿನ್ನೂ ಆರ್ಡರ್ ಬಂದಿಲ್ಲ ತಾಯಿ. ಇವರಿಗೂ ಅರವತ್ತೈದು ಆಗಲಿ, ಕರಕೊಂಡು ಬನ್ನಿ."

"ಆಗ ಅಮ್ಮನ್ನ ಯಾರು ಕರಕೊಂಡು ಬರ್ತಾರೆ, ನನ್ನನ್ನ ಕರಕೊಂಡು ಬರೋಕೆ?" ಎಂದಳು ಗೋದಾ. ಗುಮಾಸ್ತ ನಕ್ಕ. ಅವಳು ನಗಲಿಲ್ಲ.

ವಿಚಾರಣೆಗೆಂದು ರೆವಿನ್ಯೂ ಇನ್ಸ್‌ಪೆಕ್ಟರು ಬಂದದ್ದು ತಿಥಿಗೆ ಇನ್ನೊಂದು ತಿಂಗಳಿರುವಾಗ. ಜೊತೆಗೆ ತಳವಾರ ಲಿಂಗಯ್ಯ. ಬಂದವರು ನೇರವಾಗಿ ಕೊಟ್ಟಿಗೆಗೆ ಹೋಗಬೇಕಿತ್ತು. ಆದರೆ ಕೊಟ್ಟಿಗೆಗೆ ದಾರಿ ಕಸ್ತೂರಿರಂಗನ ಜಗಲಿಯ ಮುಂದಿನಿಂದಲೇ. ಜಗಲಿಯಲ್ಲಿ ಚಾಪೆ ಹಾಸಿತ್ತು, ಬೆಳ್ಳಿಯ ಲೋಟದಲ್ಲಿ ಕಾಫಿ ಬಂತು. ಇನ್ಸ್‌ಪೆಕ್ಟರು ಕೂತರು.

"ಪದ್ಮಮ್ಮ ಅನ್ನೋರು ನಿಮಗೇನಾಗಬೇಕು ಸ್ವಾಮಿ?"

"ನಮ್ಮ ತಾಯಿ" ಎಂದ ಕಸ್ತೂರಿರಂಗ. ಕಣ್ಣಲ್ಲಿ ನೀರೂ ತಂದುಕೊಂಡ. "ವಯಸ್ಸಾಯ್ತು, ಅರಳುಮರಳು. ಯಾರೋ ಹಾಲಿನವಳು ಹೇಳಿಕೊಟ್ಟಿದ್ದಾಳೆ. ನಾನಿರುವಾಗ ನಮ್ಮಮ್ಮ ಸರ್ಕಾರದ ಭಿಕ್ಷೆ ತಗೊಂಡ್ರೆ ನಾನು ಈ ಬೀದೀಲಿ ತಲೆ ಎತ್ತಿ ಓಡಾಡೋದು ಹೇಗೆ, ಹೇಳಿ."

ಎದುರು ಮನೆಯ ಜಗಲಿ, ಪಕ್ಕದ ಮನೆಯ ಜಗಲಿ ಎರಡೂ ತಲೆಯಾಡಿಸಿದವು. ಆದರೂ ಇನ್ಸ್‌ಪೆಕ್ಟರು ಪದ್ಮಮ್ಮನನ್ನು ಕರೆಸಿ ಕೇಳಿದರು. ಅಷ್ಟರಮಟ್ಟಿಗೆ ನ್ಯಾಯವಂತರು.

"ಇವರು ನಿಮಗೇನಾಗಬೇಕು ತಾಯಿ?"

ಒಂದೇ ಮಾತು ಸಾಕಿತ್ತು. ಮಗನಲ್ಲ, ಭಾವನ ಮಗ ಎಂದಿದ್ದರೆ ಮುಗಿದಿತ್ತು. ಆದರೆ ಪದ್ಮಮ್ಮನ ಕಣ್ಣಮುಂದೆ ಬಂದದ್ದು ಮುಂದಿನ ತಿಂಗಳ ತಿಥಿ. ಎಲ್ಲರೆದುರು ಇವನನ್ನು ಅಲ್ಲ ಎಂದರೆ ನಾಳೆ ಇವನು ಪಿಂಡದ ಮುಂದೆ ಕೂರುವನೇ? ಗಂಡ ಅಲ್ಲಿ ಹಸಿದು ಕೂತಿರಬೇಕೇ? ಇಲ್ಲಿ ಹಸಿವು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಸತ್ತವರಿಗೂ ಕೊಡಲು ಮನಸ್ಸು ಬರಲಿಲ್ಲ.

"ನಮ್ಮನೆಯವರ ಕರ್ಮ ಮಾಡಿದವನು" ಎಂದಳು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಇನ್ಸ್‌ಪೆಕ್ಟರಿಗೆ ಅಷ್ಟು ಬೆಳಕು ಸಾಕಾಯಿತು. ಕರ್ಮ ಮಾಡುವವನು ಮಗನಲ್ಲದೆ ಇನ್ನಾರು? ಬರೆದುಕೊಂಡು, ಕಾಫಿ ಮುಗಿಸಿ, ಎದ್ದರು. ಹದಿನೈದು ದಿನಕ್ಕೆ ಅರ್ಜಿ ವಜಾ ಆದ ಸುದ್ದಿಯನ್ನು ಲಿಂಗಯ್ಯನೇ ತಂದ.

"ಮಗ ಅವ್ನೆ ಅಂತ ಬರೆದವ್ರೆ ಅಮ್ಮೋರೆ. ನೀವೇ ಅಂಗಂದ್ರಂತಲ್ಲ?"

ಸಂಜೆ ಗೋದಾ ತಾಯಿಗೆ ಒಂದೇ ಮಾತು ಹೇಳಿದಳು: "ಅಪ್ಪನಿಗೆ ವರ್ಷಕ್ಕೊಂದು ಸಲ ಹಸಿವು. ನನಗೆ ದಿನಾ."

ಆ ಮಾತು ಪದ್ಮಮ್ಮನಿಗೆ ನಾಟಿತು. ಮಾರನೆಯ ದಿನ ಕಸ್ತೂರಿರಂಗ ಗುಡಿಯಿಂದ ಬರುವುದನ್ನೇ ಕಾದು, ಬಾಗಿಲಲ್ಲಿ ನಿಲ್ಲಿಸಿ ಕೇಳಿದಳು.

"ರಂಗ, ಸರ್ಕಾರದವರ ಮುಂದೆ ಮಗ ಅಂದೆಯಲ್ಲ. ಹಾಗಾದರೆ ನಮ್ಮಿಬ್ಬರ ಎಲೆ ಒಳಗೆ ಹಾಕಿಸು. ಕಾಲಿಲ್ಲದ ನಿನ್ನ ಅಕ್ಕನ್ನ ಬೆಳಿಗ್ಗೆ ಒಂದು ಸಲ ಎತ್ತು. ಅಷ್ಟು ಸಾಕು, ಪಿಂಚಣಿ ಬೇಡ."

"ಚಿಕ್ಕಮ್ಮ, ಬೀದೀಲಿ ಗಲಾಟೆ ಮಾಡಬೇಡಿ" ಎಂದ ಕಸ್ತೂರಿರಂಗ, ಧ್ವನಿ ತಗ್ಗಿಸಿ. "ಮಗ ಅಲ್ಲ ಅಂದ್ರೆ ಪರಿಚಾರಿಕೆ ಹೋಗುತ್ತೆ. ಪರಿಚಾರಿಕೆ ಹೋದ್ರೆ ಮನೆ ಹೋಗುತ್ತೆ. ಈ ಕೊಟ್ಟಿಗೇನೂ ಆ ಮನೆಗೇ ಸೇರಿದ್ದು, ಅದು ನೆನಪಿರಲಿ. ನಾನು ಮಗ ಅಂದಿದ್ದು ನಿಮ್ಮ ಒಳ್ಳೇದಕ್ಕೇ."

"ಎಲೆ ಹಾಕೋಕಲ್ಲ?"

"ನನಗೆ ಮೂರು ಮಕ್ಕಳಿವೆ ಚಿಕ್ಕಮ್ಮ."

ಹೊರಗೆ 'ನಮ್ಮ ತಾಯಿ', ಒಳಗೆ 'ಚಿಕ್ಕಮ್ಮ'. ಇದನ್ನು ಕೇಳಿದಾಗ ಪದ್ಮಮ್ಮನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಅರವತ್ತೆಂಟು ವರ್ಷ ಬದುಕಿದವಳಿಗೆ ಅಷ್ಟು ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ.

ತಿಥಿಯ ದಿನ ಬಂತು. ಎಂದಿನಂತೆ ಪದ್ಮಮ್ಮನೇ ಮಡಿಯುಟ್ಟು ಅಡಿಗೆ ಮಾಡಿದಳು. ತಿಥಿಯ ಅಡಿಗೆಗೆ ಅವಳು ಬೇಕು, ಅಂದು ಮಾತ್ರ ಅವಳು ಆ ಮನೆಯವಳು. ಊಟಕ್ಕೆ ಕರೆದಿದ್ದ ಇಬ್ಬರು ಬ್ರಾಹ್ಮಣರು ಬಂದು ಕೂತರು. ಮಾಡಿಸಲು ಬಂದವರು ಗುಡಿಯ ಅರ್ಚಕರಾದ ಚಲುವನಾರಾಯಣ. ಎಲ್ಲ ಸಿದ್ಧವಾದ ಮೇಲೆ ಅವರು ವಾಡಿಕೆಯಂತೆ ದರ್ಭೆಯ ಎಳೆಯೊಂದನ್ನು ಪದ್ಮಮ್ಮನ ಕೈಗಿತ್ತು, "ಕೊಡಿ, ಹೊತ್ತಾಯ್ತು" ಎಂದರು. ಕಸ್ತೂರಿರಂಗ ಕೈ ಚಾಚಿದ.

ಪದ್ಮಮ್ಮ ಕೊಡಲಿಲ್ಲ.

"ಮಗನಿಗೆ ಯಾಕೆ ದರ್ಭೆ?" ಎಂದಳು. "ಮಗನಾದವನು ಹಾಗೇ ಕೂತು ತಂದೆಗೆ ಮಾಡ್ತಾನೆ. ಹೋದ ತಿಂಗಳು ಜಗಲಿ ಮೇಲೆ ನಾನೇ ಮಗ ಅಂದ. ಇಲ್ಲೂ ಹಾಗೇ ಹೇಳಲಿ. ಅಗ್ನಿ ಮುಂದೆ ಹೇಳಿ, ನನ್ನ ಕೈಯಿಂದ ಏನೂ ತಗೊಳ್ಳದೆ ಕೂರಲಿ."

ಕಸ್ತೂರಿರಂಗ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಬೆಸಗರಹಳ್ಳಿಯಲ್ಲಿ ಅವನ ಹೆತ್ತ ತಂದೆ ಇನ್ನೂ ಬದುಕಿದ್ದಾರೆ. ಅಪ್ಪ ಬದುಕಿರುವಾಗ ತಾನೇ ಮಗನೆಂದು ಹೇಳಿಕೊಂಡು ಪಿಂಡ ಹಾಕಿದರೆ, ಅದು ಬದುಕಿರುವ ಅಪ್ಪನಿಗೇ ಹಾಕಿದ ಹಾಗೆ ಎಂದು ನಮ್ಮವರು ನಂಬುತ್ತಾರೆ. ದರ್ಭೆ ತೆಗೆದುಕೊಂಡರೆ ಮಾತ್ರ ಆ ದೋಷವಿಲ್ಲ, ಏಕೆಂದರೆ ಆಗ ಮಾಡುವವನು ಅವನಲ್ಲ. ಇನ್ಸ್‌ಪೆಕ್ಟರ ಮುಂದೆ ಬಾಯಿತುಂಬ ಆಡಿದ ಮಾತು ಅಗ್ನಿಯ ಮುಂದೆ ಬಿಸಿತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು.

"ಏನಿದು ಚಿಕ್ಕಮ್ಮ, ತಿಥಿ ಹೊತ್ತಲ್ಲಿ..."

"ಚಿಕ್ಕಮ್ಮ ಅಂದೆಯಲ್ಲ, ಅದನ್ನೇ ಜೋರಾಗಿ ಹೇಳು. ಮಗ ಅಲ್ಲ ಅನ್ನು, ಕೊಡ್ತೀನಿ."

ಬ್ರಾಹ್ಮಣರು ಹಸಿದಿದ್ದರು. ಚಲುವನಾರಾಯಣ ಬಿಸಿಲು ನೋಡಿದರು. ಒಳಗೆ ಅನ್ನ ಆರುತ್ತಿತ್ತು. ಕೊನೆಗೆ ಕಸ್ತೂರಿರಂಗ ತಲೆ ತಗ್ಗಿಸಿ, "ನಾನು ಮಗನಲ್ಲ. ಚಿಕ್ಕಪ್ಪನಿಗೆ ಚಿಕ್ಕಮ್ಮನ ಪರವಾಗಿ ಮಾಡ್ತಾ ಇದ್ದೀನಿ" ಎಂದ. ಪದ್ಮಮ್ಮ ದರ್ಭೆಯನ್ನು ಅವನ ಅಂಗೈಗೆ ಹಾಕಿದಳು. ಆ ವರ್ಷದ ತಿಥಿ ಸಾಂಗವಾಗಿ ನಡೆಯಿತು, ಕಾಗೆಯೂ ಬೇಗ ಬಂದು ಪಿಂಡ ಮುಟ್ಟಿತು. ಪದ್ಮಮ್ಮನಿಗೆ ಗಂಡನ ಸಮ್ಮತಿ ಸಿಕ್ಕಿತು ಅನಿಸಿತು.

ಊಟವಾದ ಮೇಲೆ ಅವಳು ಚಲುವನಾರಾಯಣರನ್ನು ಕೇಳಿದಳು: "ಇವತ್ತು ಕಿವಿಯಾರೆ ಕೇಳಿದ್ದನ್ನ ಕಚೇರೀಲಿ ಹೇಳ್ತೀರಾ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಪೂಜಾರಿ ಮಾತ್ರ ಕೇಳಿದ ತಕ್ಷಣ ಕೊಟ್ಟರು. "ಅಯ್ಯೋ, ಸತ್ಯ ಹೇಳೋದಕ್ಕೆ ಏನು ಪದ್ಮಮ್ಮ!" ಎಂದರು. ಎಂಟು ವರ್ಷದಿಂದ ಆ ಸತ್ಯ ಅವರ ಬಾಯಲ್ಲೇ ಇತ್ತು, ಉಪಯೋಗ ಬಂದಿರಲಿಲ್ಲ. ಅವರ ಎರಡನೆಯ ಮಗ ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದ. ಅವನಿಗೊಂದು ಪರಿಚಾರಿಕೆ ಬೇಕಿತ್ತು.

ಚಲುವನಾರಾಯಣ ಪದ್ಮಮ್ಮನ ಪರವಾಗಿ ಕಚೇರಿಯಲ್ಲಿ ಹೇಳಿಕೆ ಕೊಟ್ಟರು. ಅದೇ ಹೇಳಿಕೆಯನ್ನು ಗುಡಿಯ ಮೇಲಿನವರಿಗೂ ಕೊಟ್ಟರು. ಊಟ ಮಾಡಿದ ಇಬ್ಬರೂ ಸಾಕ್ಷಿ ಹಾಕಿದರು. ಮೂರು ತಿಂಗಳಲ್ಲಿ ಕಸ್ತೂರಿರಂಗನ ಪರಿಚಾರಿಕೆ ಹೋಯಿತು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಸಗರಹಳ್ಳಿಯ ಬಸ್ಸು ಹತ್ತಿದ. ಹತ್ತುವ ಮುಂಚೆ ಕೊಟ್ಟಿಗೆಯ ಬಾಗಿಲಿಗೆ ಬಂದು, "ಇನ್ನು ಯಾರ ಕೈಗೆ ದರ್ಭೆ ಕೊಡ್ತೀರೋ ಕೊಡಿ" ಎಂದು ಹೇಳಿ ಹೋದ. ಆ ಮಾತು ಸುಳ್ಳಾಗಿರಲಿಲ್ಲ, ಕೊಡಲು ಇನ್ನೊಂದು ಕೈ ಇರಲಿಲ್ಲ.

ಮನೆಗೆ ಚಲುವನಾರಾಯಣರ ಮಗ ಬಂದ. ಒಂದು ವಾರ ಸುಮ್ಮನಿದ್ದು, ಆಮೇಲೆ ತಂದೆಯನ್ನು ಕಳಿಸಿದ.

"ಹುಡುಗ ಒಂದು ಹಸು ಕಟ್ಟಬೇಕು ಅಂತಿದ್ದಾನೆ ಪದ್ಮಮ್ಮ. ದೇವರಿಗೆ ಹಾಲಾಗುತ್ತೆ" ಎಂದರು ಚಲುವನಾರಾಯಣ, ಆಕಾಶ ನೋಡುತ್ತ. "ನಿಮಗೆ ಬೇಕಾದ್ದು ನಿಮಗಾಯ್ತು. ಅವನಿಗೆ ಬೇಕಾದ್ದು ಅವನಿಗಾಗಲಿ. ಅವಸರವೇನಿಲ್ಲ, ಹುಣ್ಣಿಮೆ ಕಳೆಯಲಿ."

"ಹಸುವಿಗೆ ನಾಲ್ಕು ಕಾಲಿದೆ, ನನಗೆ ಒಂದೂ ಇಲ್ಲ" ಎಂದಳು ಗೋದಾ ಒಳಗಿನಿಂದ. "ಕೊಟ್ಟಿಗೆ ಅದಕ್ಕೇ ಸಲ್ಲಬೇಕು, ಬಿಡಿ."

ಹುಣ್ಣಿಮೆ ಕಳೆಯಿತು. ಬೀದಿಯಲ್ಲಿ ಎಷ್ಟೋ ಜಗಲಿ ಖಾಲಿಯಿದ್ದವು. ಪ್ರತಿಯೊಂದು ಜಗಲಿಗೂ ಒಂದೊಂದು ಕಾರಣವಿತ್ತು: ಒಂದರಲ್ಲಿ ಮಗಳ ಬಾಣಂತನ, ಇನ್ನೊಂದರಲ್ಲಿ ಸುಣ್ಣ ಬಳಿಯುವುದು, ಮತ್ತೊಂದರಲ್ಲಿ ವಿಧವೆ ಎದುರಿಗಿದ್ದರೆ ಶಕುನಕ್ಕಾಗದು. ಪಿಂಚಣಿಗಾಗಿ ಮನೆಯ ಮಾನ ಕಳೆದವಳು ಎಂಬುದು ಎಲ್ಲದರ ಅಡಿಯಲ್ಲಿತ್ತು. ಮಾನ ಯಾವ ಮನೆಯದು, ಆ ಮನೆ ಯಾರದು ಎಂದು ಯಾರೂ ಹೇಳಲಿಲ್ಲ. ನನಗೆ ಇವತ್ತಿಗೂ ನಮ್ಮ ಬೀದಿಯನ್ನು ನೆನೆದರೆ ಉಗಿಯಬೇಕು ಅನಿಸುತ್ತದೆ.

ಹೊಂಬಾಳಮ್ಮ ಮತ್ತೆ ಬಾಬು ಜಾನ್‌ಗೆ ಹೇಳಿ ಕಳಿಸಿದಳು. ಮೊದಲು ಅವನ ಹತ್ತಿರ ಎರಡು ಕುದುರೆಗಳಿದ್ದವು, ಒಂದು ಸತ್ತುಹೋಗಿ ಲಾಯದ ಅರ್ಧ ಖಾಲಿ ಬಿದ್ದಿತ್ತು. ಅವನ ಹೆಂಡತಿ ಮೆಹರುನ್ನೀಸಾ ಅದನ್ನು ಗುಡಿಸಿ, ಸಗಣಿ ಸಾರಿಸಲು ತನ್ನ ಕೈ ಆಗಬಹುದೋ ಇಲ್ಲವೋ ಎಂದು ಯೋಚಿಸಿ, ಹೊಂಬಾಳಮ್ಮನ ಕೈಯಿಂದ ಸಾರಿಸಿಸಿದಳು. ನಡುವೆ ಗೋಣಿತಟ್ಟು ಕಟ್ಟಿದರು. ಪದ್ಮಮ್ಮ ಪೆರುಮಾಳಿನ ಪಟ, ಒಂದು ತಪ್ಪಲೆ, ಒಲೆಗೆ ಮೂರು ಕಲ್ಲು ತಂದಳು. ತನ್ನ ನೀರು ತಾನೇ ಸೇದಿದಳು, ತನ್ನ ಅನ್ನ ತಾನೇ ಬೇಯಿಸಿದಳು. ಮೆಹರುನ್ನೀಸಾ ಆ ಒಲೆಯ ಹತ್ತಿರ ಒಂದು ದಿನವೂ ಹೋಗಲಿಲ್ಲ. ಬೆಳಿಗ್ಗೆ ಜಟಕಾ ಕಟ್ಟುವ ಮುಂಚೆ ಬಾಬು ಜಾನ್ ಗೋದಾಳನ್ನು ಎತ್ತಿ ಹೊರಗೆ ಕರೆದೊಯ್ದು, ಎಳೆಬಿಸಿಲಲ್ಲಿ ತುಸು ಹೊತ್ತು ಕೂರಿಸಿ ಒಳಗೆ ಬಿಡುವನು. ಸಂಜೆ ಬಂದು ಮತ್ತೊಮ್ಮೆ ಹಾಗೇ ಎತ್ತುವನು. ಪದ್ಮಮ್ಮ ತಲೆಯ ಮೇಲೆ ನೀರು ಸುರಿದುಕೊಳ್ಳುವುದು ಯಾವಾಗ ನಿಂತಿತೋ ಅವಳಿಗೇ ತಿಳಿಯಲಿಲ್ಲ. ಗೋದಾ ಅವನನ್ನು ಬಾಬಣ್ಣ ಎಂದು ಕರೆಯತೊಡಗಿದಳು. ಅವಳಿಗೆ ಅಣ್ಣ ಎಂದು ಕರೆಯಲು ಯಾರೂ ಇರಲಿಲ್ಲ.

ಪಿಂಚಣಿ ಮಾತ್ರ ಬರಲಿಲ್ಲ. ವಾಸ ಬದಲಾ‍ಯಿತು, ಮತ್ತೆ ವಿಚಾರಣೆಯಾಗಬೇಕು ಎಂದರು.

ಒಂದು ಬೆಳಿಗ್ಗೆ ಬಾಬು ಜಾನ್ ಗೋದಾಳನ್ನು ಗೋಣಿಚೀಲದ ಮೇಲೆ ಕೂರಿಸಿ ಕುದುರೆಗೆ ಹುಲ್ಲು ಹಾಕುತ್ತಿದ್ದಾಗ ಲಿಂಗಯ್ಯ ಏದುಸಿರು ಬಿಡುತ್ತ ಓಡಿಬಂದ.

"ಇನ್ಸ್‌ಪೆಟ್ರು ಬತ್ತಾವ್ರೆ ಕಣ್ಲಾ ಬಾಬು. ನನ್ ಇಂದೇನೇ ಅವ್ರೆ. ನಾ ಏಳಾದ್ ಕೇಳು, ನೀನು ಗೋದಮ್ಮೋರ ತಂಟೆಗೇ ಓಗ್ಬೇಡ. ಎತ್ಬೇಡ, ಮುಟ್ಬೇಡ. ನೋಡ್ಕಳೋರು ಒಬ್ರವ್ರೆ ಅಂತ ಬರ್ಕಂಬುಟ್ರೆ ಮುಗೀತು, ಇನ್ನೊಂದ್ ಸತಿ ವಜಾ. ಯಾರು ಕೇಳುದ್ರೂ ಏನೂ ಆಗ್ಬೇಕಿಲ್ಲ ಅನ್ನು."

ಬಾಬು ಜಾನ್ ಹುಲ್ಲು ಹಿಡಿದೇ ನಿಂತ. ಪದ್ಮಮ್ಮ ಗೋಣಿತಟ್ಟಿನ ಹಿಂದಿನಿಂದ ಕೇಳಿಸಿಕೊಂಡಳು.

ಇನ್ಸ್‌ಪೆಕ್ಟರು ಬಂದರು. ಅವರೇ, ಹೋದ ಸಲದವರೇ. ಇಲ್ಲಿ ಜಗಲಿಯೂ ಇರಲಿಲ್ಲ, ಬೆಳ್ಳಿ ಲೋಟವೂ ಇರಲಿಲ್ಲ, ನಿಂತೇ ಕೇಳಿದರು. ಹೋದ ಸಲ ಮೋಸಹೋದದ್ದು ಅವರ ಮನಸ್ಸಿನಲ್ಲಿತ್ತು. ಈ ಸಲ ಬಿಡದೆ ಕೇಳಬೇಕೆಂದೇ ಬಂದಿದ್ದರು.

"ನೀನು ಇವರಿಗೆ ಏನಾಗಬೇಕಯ್ಯ?"

"ಏನೂ ಆಗ್ಬೇಕಿಲ್ಲ ಸ್ವಾಮಿ."

"ಮತ್ತೆ ಇಲ್ಲಿ ಯಾಕೆ ಇಟ್ಕೊಂಡಿದ್ದೀಯ?"

"ಲಾಯ ಖಾಲಿ ಇತ್ತು."

"ಊಟ ತಿಂಡಿ ಕೊಡ್ತೀಯಾ?"

"ಇಲ್ಲ ಸ್ವಾಮಿ. ಅವ್ರು ನಮ್ಮನೇದು ಮುಟ್ಟಲ್ಲ."

ಅಷ್ಟರವರೆಗೆ ಸುಲಭವಿತ್ತು. ಇನ್ಸ್‌ಪೆಕ್ಟರು ಅಂಗಳದಲ್ಲಿ ಕೂತಿದ್ದ ಗೋದಾಳ ಕಡೆ ತಿರುಗಿದರು. ಅವಳು ಕೂತಿದ್ದ ಕಡೆಗೆ ಬಿಸಿಲು ಪೂರ್ತಿ ಬಂದಿತ್ತು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಲಾಯದ ಬಾಗಿಲು ಅಲ್ಲಿಂದ ಹತ್ತಿರವೇ. ಆದರೆ ಅವಳಿಗೆ ಮಳವಳ್ಳಿಯಷ್ಟು ದೂರ.

"ಈ ಹೆಣ್ಣುಮಗಳನ್ನ ಯಾರು ಎತ್ತಿ ಇಳಿಸೋದು?"

"ನಾನೇ" ಎಂದಳು ಪದ್ಮಮ್ಮ ಹೊರಗೆ ಬರುತ್ತ. ಇನ್ಸ್‌ಪೆಕ್ಟರು ಅವಳ ಬಗ್ಗಿದ ಬೆನ್ನು ನೋಡಿದರು, ನಡುಗುವ ಕೈ ನೋಡಿದರು. ಬಾಬು ಜಾನ್ ಕಡೆಗೇ ತಿರುಗಿದರು.

"ನಾಳೆ ಈ ಅಮ್ಮನಿಗೆ ಏನಾದರೂ ಆಯ್ತು ಅನ್ನು. ಆಗ ಆ ಹೆಣ್ಣುಮಗಳನ್ನ ನೀನು ನೋಡ್ಕೋತೀಯಾ? ನಿಜ ಹೇಳು."

ಬಾಬು ಜಾನ್ ಕೈಯಲ್ಲಿದ್ದ ಹುಲ್ಲನ್ನು ಹೊಸೆಯತೊಡಗಿದ. ಲಿಂಗಯ್ಯ ಕೆಮ್ಮಿದ. ಮೆಹರುನ್ನೀಸಾ ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡಳು. ಬಾಬು ಜಾನ್ ಗೋದಾಳನ್ನು ನೋಡಿದ, ಗೋದಾ ಅವನನ್ನು ನೋಡಲಿಲ್ಲ.

"ಯಾಕಯ್ಯ, ಹೇಳು."

"ಇಲ್ಲ ಅನ್ನು ಬಾಬು" ಎಂದಳು ಪದ್ಮಮ್ಮ.

ಅವನು ಅವಳ ಮುಖ ನೋಡಿದ.

"ಹೇಳಪ್ಪ. ಇಲ್ಲ ಅನ್ನು. ನನ್ನ ಮೇಲಾಣೆ."

ಯಾರಿಗೂ ಆಣೆ ಇಟ್ಟವಳಲ್ಲ ಅವಳು. ಆಣೆಗೆ ಬೆಲೆ ಕೊಡುವ ಮಗ ಒಬ್ಬನಿರಬೇಕು, ಆಗ ಇಡಬಹುದು.

"ಇಲ್ಲ ಸ್ವಾಮಿ" ಎಂದ ಬಾಬು ಜಾನ್. "ನೋಡ್ಕಳಲ್ಲ."

ಇನ್ಸ್‌ಪೆಕ್ಟರು ಬರೆದುಕೊಂಡು ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಪದ್ಮಮ್ಮನಿಗೆ ಈ ಲೋಕದಲ್ಲಿ ಯಾರೂ ಇಲ್ಲ ಎಂಬುದು ಅಂತೂ ಸರ್ಕಾರಕ್ಕೆ ಖಾತ್ರಿಯಾಯಿತು. "ಇನ್ನು ತೊಂದರೆಯಿಲ್ಲ ತಾಯಿ, ಬರುತ್ತೆ" ಎಂದು ಸಂತೋಷದಿಂದಲೇ ಹೇಳಿ ಸೈಕಲ್ ಹತ್ತಿದರು.

"ಸುಡ್ತಾ ಇದೆ" ಎಂದಳು ಗೋದಾ.

"ತಾಳು, ಅರಳಿಕಟ್ಟೆ ತಿರುವು ದಾಟಲಿ" ಎಂದಳು ಪದ್ಮಮ್ಮ, ಕಾಣದ ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತ. "ದಾಟಿದರೇನೋ ಬಾಬು?"

ಬಾಬು ಜಾನ್ ತಿರುವಿನ ಕಡೆ ನೋಡಲೂ ಇಲ್ಲ. ಅಂಗಳ ದಾಟಿ ಹೋಗಿ ಗೋದಾಳನ್ನು ಎತ್ತಿಕೊಂಡ. ಶಾಯಿ ಹತ್ತಿದ ಹೆಬ್ಬೆರಳು ಅವಳ ಸೀರೆಗೆ ತಾಗದಂತೆ ಮಡಚಿಕೊಂಡಿದ್ದ. ಯಾವತ್ತೂ ಮಾತಿಗೆ ತಡವರಿಸದ ಗೋದಾ ಅವನ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ಲಾಯದೊಳಗೆ ಅವಳನ್ನು ಇಳಿಸಿ, ಅವನು ಹೊರಗೆ ಬಂದು ಜಟಕಾ ಕಟ್ಟಿದ. ಮದ್ದೂರಿನ ಬಸ್ಸು ಬರುವ ಹೊತ್ತಾಗಿತ್ತು.